ಮೊಬೈಲ್ ಇಲ್ಲದ ಮನೆಯಲ್ಲೂ ಪಾಠ ನಿಲ್ಲಬೇಕಿಲ್ಲ

ಚಿಕ್ಕಬಳ್ಳಾಪುರ: ಕೊರೊನಾ ಸೋಂಕಿನ ಕಾರಣದಿಂದ 2020ರ ಮಾರ್ಚ್ ಮಧ್ಯಭಾಗದಲ್ಲಿ ಮುಚ್ಚಿದ ಶಾಲೆಗಳ ಬಾಗಿಲು ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳಿಗೂ ಮಿಕ್ಕಿದ ಆ ಅವಧಿಯಲ್ಲಿ ಶಾಲೆಯ ಹೊಣೆ ಬಹುಮಟ್ಟಿಗೆ ಮನೆಯ ಮೇಲೆ ಬಿತ್ತು. ಹೆಚ್ಚು ಓದದ ತಂದೆ ತಾಯಂದಿರನ್ನು ಆಗ ಕಾಡಿದ್ದು ಒಂದೇ ಪ್ರಶ್ನೆ: ನಮಗೇ ಓದು ಬಾರದಿರುವಾಗ ಮಕ್ಕಳಿಗೆ ಏನು ಹೇಳಿಕೊಡುವುದು?

ಆ ಪ್ರಶ್ನೆ ಇನ್ನೂ ಹಳತಾಗಿಲ್ಲ. ಅಂದು ಅಕ್ಷರ ಕಲಿಯಬೇಕಿದ್ದ ಮಕ್ಕಳು ಇಂದು ಮೇಲಿನ ತರಗತಿಗಳಲ್ಲಿದ್ದಾರೆ. ಅವರಲ್ಲಿ ಕೆಲವರಿಗೆ ಓದು ಈಗಲೂ ತೊಡಕಾಗಿಯೇ ಉಳಿದಿದೆ. ಮಳೆ, ರೋಗ ಅಥವಾ ಇನ್ನಾವುದೋ ಕಾರಣಕ್ಕೆ ಶಾಲೆಗಳು ಮತ್ತೆ ಮುಚ್ಚುವ ಸಂದರ್ಭವೂ ಬರಬಹುದು. ಆದ್ದರಿಂದ ಆ ದಿನಗಳ ಅನುಭವವನ್ನು ಒಮ್ಮೆ ಹಿಂದಿರುಗಿ ನೋಡುವುದು ಅಗತ್ಯ.

ಒಂದು ಮನೆ, ಒಂದು ಮೊಬೈಲ್

ರಾಜ್ಯದಲ್ಲಿ ಸೋಂಕಿನ ಬಿಸಿ ಮೊದಲೇ ತಟ್ಟಿದ ಊರುಗಳಲ್ಲಿ ಗೌರಿಬಿದನೂರು ಒಂದು. 2020ರ ಮಾರ್ಚ್‌ನಲ್ಲಿಯೇ ಅಲ್ಲಿ ಪ್ರಕರಣಗಳು ಪತ್ತೆಯಾದವು. ಲಾಕ್‌ಡೌನ್ ಸಡಿಲಗೊಂಡ ಬಳಿಕ ಜನರು ದುಡಿಮೆಗೆ ಮರಳಿದರು. ಮಕ್ಕಳು ಮಾತ್ರ ಮನೆಯಲ್ಲಿಯೇ ಉಳಿದರು.

ಮನೆಯಲ್ಲಿ ಇದ್ದದ್ದು ಸಾಮಾನ್ಯವಾಗಿ ಒಂದೇ ಮೊಬೈಲ್. ಅದು ದುಡಿಯುವವರ ಜೇಬಿನಲ್ಲಿ ಇರಬೇಕಾದ ವಸ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರುಕಟ್ಟೆಗೆ, ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಗೆ, ಗೌರಿಬಿದನೂರಿನಲ್ಲಿ ಬೆಂಗಳೂರಿನ ಕೆಲಸಕ್ಕೆ ತಂದೆ ಹೊರಟರೆ ಪಾಠವೂ ಅವರೊಂದಿಗೆ ಹೊರಟುಹೋಗುತ್ತಿತ್ತು. ಸಂಜೆ ಅದು ಮರಳಿದಾಗ ಅಣ್ಣನ ಹತ್ತನೇ ತರಗತಿಯ ಪಾಠಕ್ಕೆ ಮೊದಲ ಆದ್ಯತೆ. ಮೂರನೇ ತರಗತಿಯ ತಂಗಿಯ ಸರದಿ ಬರುವ ಹೊತ್ತಿಗೆ ಬ್ಯಾಟರಿ ಅಥವಾ ಡೇಟಾ ಮುಗಿದಿರುತ್ತಿತ್ತು.

ಸರ್ಕಾರಕ್ಕೂ ಈ ತೊಡಕಿನ ಅರಿವಿತ್ತು. 2020ರ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ‘ಸೇತುಬಂಧ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಜಾರಿಗೆ ಬಂತು. ಮೊಬೈಲ್ ಇಲ್ಲದವರು, ಮೊಬೈಲ್ ಇದ್ದೂ ಅಂತರ್ಜಾಲ ಇಲ್ಲದವರು, ಎರಡೂ ಇರುವವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಶಿಕ್ಷಕರೇ ಊರಿಗೆ ಹೋಗಿ ದೇವಸ್ಥಾನದ ಅಂಗಳ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ಹೇಳುವ ಯೋಜನೆ ಅದು. ‘ವಠಾರ ಶಾಲೆ’ ಎಂಬ ಹೆಸರು ಬಂದದ್ದು ಹೀಗೆ. ಶಿಕ್ಷಕರು ಮತ್ತು ಮಕ್ಕಳಿಗೆ ಸೋಂಕು ತಗುಲುವ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ಆರಂಭವಾದರೂ ಎರಡನೇ ಅಲೆ ಎಲ್ಲವನ್ನೂ ಅಸ್ತವ್ಯಸ್ತಗೊಳಿಸಿತು.

ಕಳೆದುಹೋದದ್ದು ಏನು?

ಮಕ್ಕಳು ಒಂದೆರಡು ವರ್ಷದ ಪಾಠಗಳನ್ನು ಕಳೆದುಕೊಂಡರು ಎಂಬುದು ಸಾಮಾನ್ಯ ಗ್ರಹಿಕೆ. ನಷ್ಟ ಅದಕ್ಕಿಂತ ಆಳವಾದುದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಒಳಗೊಂಡ ಅಧ್ಯಯನವನ್ನು 2021ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ಸರಾಸರಿ ಶೇ 92ರಷ್ಟು ಮಂದಿ ಭಾಷೆಯಲ್ಲಿ, ಶೇ 82ರಷ್ಟು ಮಂದಿ ಗಣಿತದಲ್ಲಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಅಂದರೆ ಹೊಸದನ್ನು ಕಲಿಯಲಿಲ್ಲ ಎಂಬುದಷ್ಟೇ ಅಲ್ಲ, ಕಲಿತದ್ದೂ ಮರೆಯಿತು.

ಆ ಸಾಮರ್ಥ್ಯಗಳು ಯಾವುವು ಎಂಬುದನ್ನು ಗಮನಿಸಬೇಕು. ಚಿತ್ರ ನೋಡಿ ಅಥವಾ ತನ್ನ ಅನುಭವವನ್ನು ಬಾಯಿಮಾತಿನಲ್ಲಿ ವಿವರಿಸುವುದು, ಪರಿಚಿತ ಪದಗಳನ್ನು ಓದುವುದು, ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು, ಸರಳ ವಾಕ್ಯ ಬರೆಯುವುದು, ಕೂಡು ಕಳೆ ಲೆಕ್ಕ ಮಾಡುವುದು. ಇವೆಲ್ಲವೂ ಬಳಕೆಯಿಂದ ಉಳಿಯುವ, ಬಳಕೆ ತಪ್ಪಿದರೆ ಮಾಸುವ ವಿದ್ಯೆಗಳು. ಇಲ್ಲಿಯೇ ಪೋಷಕರಿಗೆ ಒಂದು ಭರವಸೆಯೂ ಇದೆ. ಈ ಬಳಕೆಯನ್ನು ಉಳಿಸಲು ಪೋಷಕರು ಮೇಷ್ಟರಾಗಬೇಕಿಲ್ಲ, ಮೊಬೈಲೂ ಕಡ್ಡಾಯವಲ್ಲ.

ಮನೆಯವರು ಮಾಡಬಹುದಾದದ್ದು

ಮೊದಲನೆಯದು, ಹೊತ್ತು ಗೊತ್ತುಮಾಡುವುದು. ರೇಷ್ಮೆ ಸಾಕಣೆಯ ಮನೆಯಲ್ಲಿ ಹುಳುಗಳಿಗೆ ಸೊಪ್ಪು ಹಾಕುವ ಸಮಯ ತಪ್ಪುವುದಿಲ್ಲ. ಹಾಗೆಯೇ ಓದಿಗೂ ದಿನಕ್ಕೆ ಅರ್ಧ ಗಂಟೆ ಮೀಸಲಾಗಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಮಂದಿಗೆಲ್ಲ ಬಿಡುವಿರುವುದಿಲ್ಲ ಎಂಬುದು ನಿಜ. ಅಂತಹ ದಿನ ಅದು ಹತ್ತು ನಿಮಿಷಕ್ಕೆ ಇಳಿದರೂ ಚಿಂತೆಯಿಲ್ಲ, ಪೂರ್ತಿ ತಪ್ಪಬಾರದು.

ಎರಡನೆಯದು, ಕೇಳಿಸಿಕೊಳ್ಳುವುದು. ಮಗು ಗಟ್ಟಿಯಾಗಿ ಓದಲಿ. ಅಕ್ಷರ ಬಾರದ ಅಜ್ಜಿ ಎದುರು ಕುಳಿತು ಕೇಳಲಿ. ‘ಆಮೇಲೆ ಏನಾಯಿತು?’ ಎಂದು ಅವರು ಕೇಳಿದಾಗ ಮಗು ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕಾಗುತ್ತದೆ. ತರಗತಿಯಲ್ಲಿ ಶಿಕ್ಷಕರು ಮಾಡಿಸುವ ಅಭ್ಯಾಸವೂ ಇದೇ.

ಈ ಭಾಗದ ಅನೇಕ ಮನೆಗಳಲ್ಲಿ ಮಾತು ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ನಡೆಯುತ್ತದೆ. ಪಾಠ ಇರುವುದು ಕನ್ನಡದಲ್ಲಿ. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ಓದಿದ ಕಥೆಯನ್ನು ಮನೆಮಾತಿನಲ್ಲಿ ಹೇಳಬಲ್ಲ ಮಗುವಿಗೆ ಅದರ ಅರ್ಥ ತಿಳಿದಿದೆ ಎಂದೇ ತಿಳಿಯಬೇಕು.

ಮೂರನೆಯದು, ಮನೆಯ ಲೆಕ್ಕವನ್ನು ಮಗುವಿನ ಕೈಗೆ ಕೊಡುವುದು. 15 ಕಿಲೋ ತೂಗುವ ಟೊಮೆಟೊ ಬಾಕ್ಸ್ 300 ರೂಪಾಯಿಗೆ ಹೋದರೆ ಕಿಲೋಗೆ ಎಷ್ಟು ಬಿತ್ತು? ಕಿಲೋಗೆ 450 ರೂಪಾಯಿಯಂತೆ 60 ಕಿಲೋ ಗೂಡಿಗೆ ಎಷ್ಟು ಹಣ? ಡೇರಿಯ ಚೀಟಿಯಲ್ಲಿರುವ ಈ ವಾರದ ಹಾಲು ಒಟ್ಟು ಎಷ್ಟು ಲೀಟರ್? ಭಾಗಾಕಾರ, ಗುಣಾಕಾರ, ದಶಾಂಶ ಎಲ್ಲವೂ ಇದರಲ್ಲಿವೆ. ಉತ್ತರ ಸರಿಯೋ ತಪ್ಪೋ ಎಂಬುದು ತಂದೆಗೆ ಬಾಯಿಲೆಕ್ಕದಲ್ಲಿಯೇ ತಿಳಿಯುತ್ತದೆ.

ನಾಲ್ಕನೆಯದು, ದಿನಕ್ಕೆ ಐದು ವಾಕ್ಯ ಬರೆಸುವುದು. ಅಂದು ಕಂಡದ್ದು, ತಿಂದದ್ದು, ಬೇಸರವಾದದ್ದು ಯಾವುದಾದರೂ ಸರಿ. ತಪ್ಪು ತಿದ್ದುವ ಕೆಲಸವನ್ನು ಶಿಕ್ಷಕರಿಗೆ ಬಿಟ್ಟು, ಪುಸ್ತಕವನ್ನು ವಾರಕ್ಕೊಮ್ಮೆ ಅವರಿಗೆ ತೋರಿಸಿದರೆ ಶಾಲೆಯೊಂದಿಗಿನ ನಂಟೂ ಉಳಿಯುತ್ತದೆ.

ಎಚ್ಚರ ವಹಿಸಬೇಕಾದ ಕಡೆ

ಮೊಬೈಲ್ ಇರುವ ಮನೆಯಲ್ಲಿ ಅದನ್ನು ಸರದಿಯಂತೆ ಹಂಚುವಾಗ ಹೆಣ್ಣುಮಕ್ಕಳ ಪಾಲು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಶಾಲೆ ಮುಚ್ಚಿದಾಗ ಮನೆಗೆಲಸದ ಹೊರೆ ಮೊದಲು ಬೀಳುವುದು ಅವರ ಮೇಲೆಯೇ. ಗಂಡುಮಕ್ಕಳು ನಾಲ್ಕು ಕಾಸು ಸಂಪಾದನೆಯ ರುಚಿ ಕಂಡು ಶಾಲೆಗೆ ಬೆನ್ನು ಹಾಕುವ ಅಪಾಯವೂ ಅಷ್ಟೇ ನಿಜ. ಸೊಪ್ಪು ಕೀಳಲು, ಬಾಕ್ಸ್ ತುಂಬಲು ಮಕ್ಕಳು ಕೈಜೋಡಿಸುವುದು ಬೇರೆ, ಅದೇ ಅವರ ದಿನಚರಿಯಾಗುವುದು ಬೇರೆ. ಒಮ್ಮೆ ಬಿಟ್ಟ ಶಾಲೆಗೆ ಹದಿಮೂರು ಹದಿನಾಲ್ಕರ ವಯಸ್ಸಿನವರನ್ನು ಮರಳಿ ಕಳುಹಿಸುವುದು ಸುಲಭವಲ್ಲ.

ಹಿಂದುಳಿದ ಮಗುವನ್ನು ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಹೀಯಾಳಿಸುವುದಂತೂ ಸಲ್ಲದು. ಮರೆತದ್ದು ಮಗುವಿನ ತಪ್ಪಲ್ಲ. 2022–23ನೇ ಶೈಕ್ಷಣಿಕ ವರ್ಷವನ್ನು ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು, 2022ರ ಮೇ 16ರಂದೇ ಶಾಲೆಗಳನ್ನು ಆರಂಭಿಸಿ, ಹಿಂದಿನ ತರಗತಿಗಳ ಕಲಿಕೆಯನ್ನು ತುಂಬಿಸಲು ಮುಂದಾದದ್ದು ಈ ಕಾರಣಕ್ಕಾಗಿಯೇ. ಒಂದು ವರ್ಷದ ಯೋಜನೆಯಿಂದ ಎಲ್ಲವೂ ತುಂಬಿಬರುವುದಿಲ್ಲ. ಆರು ಏಳನೇ ತರಗತಿಯಲ್ಲಿಯೂ ತಡವರಿಸಿ ಓದುವ ಮಗುವಿದ್ದರೆ, ಮೇಲೆ ಹೇಳಿದ ಅರ್ಧ ಗಂಟೆಯನ್ನು ಇಂದೇ ಆರಂಭಿಸಬಹುದು. ಕೆಳಗಿನ ತರಗತಿಯ ಪುಸ್ತಕ ಹಿಡಿದು ಓದಿಸಲು ಸಂಕೋಚ ಬೇಡ.

ನಡೆದು ಹೋದವರ ನೆನಪು

ಶಾಲೆಗಳು ಮುಚ್ಚಿದ್ದ 2020ರ ಜೂನ್ 6ರಂದು ಡಾ. ಎಚ್. ನರಸಿಂಹಯ್ಯನವರು ಹುಟ್ಟಿ ನೂರು ವರ್ಷ ತುಂಬಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದ ಈ ಹುಡುಗ 1935ರಲ್ಲಿ ಪ್ರೌಢಶಾಲೆ ಸೇರಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದದ್ದು ಈ ಸೀಮೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಅವರು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದರು. ತಾವು ನಡೆದ ದೂರವನ್ನು ಮುಂದಿನ ಮಕ್ಕಳು ನಡೆಯಬೇಕಾಗಲಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಮಗುವಿಗೂ ಶಾಲೆಗೂ ನಡುವಿನ ದೂರ ಮತ್ತೆ ಬೆಳೆಯಿತು. ಅದನ್ನು ಕಡಿಮೆ ಮಾಡುವ ಹೊಣೆ ಸರ್ಕಾರದ್ದು, ಶಾಲೆಯದು. ಅದರಿಂದ ಅವರಿಗೆ ಬಿಡುಗಡೆಯಿಲ್ಲ. ಆದರೆ ಮಗು ದಾರಿಯಲ್ಲಿಯೇ ಕುಸಿಯದಂತೆ ಕೈಹಿಡಿಯುವವರು ಮನೆಯವರು. ಅದಕ್ಕೆ ಪದವಿ ಬೇಕಿಲ್ಲ. ದಿನವೂ ಅರ್ಧ ಗಂಟೆ, ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು.