ಗವರ್ನರರ ಮಳೆಗಾಲದ ಮನೆ

ಪುಣೆಯ ಶಿವಾಜಿನಗರ ರೈಲು ನಿಲ್ದಾಣದಿಂದ ಹೊರಬಂದರೆ ಹತ್ತಿರದಲ್ಲೇ ಹವಾಮಾನ ಇಲಾಖೆಯ ಹಳೆಯ ಕಟ್ಟಡವಿದೆ. 1928ರಲ್ಲಿ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಊರಿನವರು ಇಂದಿಗೂ ಅದನ್ನು ‘ಶಿಮ್ಲಾ ಆಫೀಸ್’ ಎನ್ನುತ್ತಾರೆ. ನಾನು ನೋಡಬೇಕೆಂದು ಹೊರಟದ್ದು ಅದಕ್ಕಿಂತ ಹಳೆಯದಾದ ಒಂದು ಮನೆ, ಮುಂಬಯಿ ಗವರ್ನರರು ಮಳೆಗಾಲ ಕಳೆಯುತ್ತಿದ್ದ ಮನೆ. ಕೃಷಿ ಕಾಲೇಜಿನ ಹಸಿರನ್ನು ದಾಟಿ, ವಾಹನಗಳ ಗದ್ದಲದಲ್ಲಿ ಗಣೇಶಖಿಂಡ ರಸ್ತೆ ಹಿಡಿದು ನಡೆದೆ.

ಈ ರಸ್ತೆಯಲ್ಲಿ ನಡೆಯುವಾಗ 1897ರ ಜೂನ್ 22ರ ರಾತ್ರಿ ನೆನಪಾಗದೆ ಇರದು. ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ ಅರವತ್ತು ವರ್ಷವಾದದ್ದಕ್ಕೆ ಅಂದು ಗವರ್ನರರ ಆ ಮನೆಯಲ್ಲಿ ಸಮಾರಂಭ. ಪ್ಲೇಗ್ ಅಧಿಕಾರಿ ರ‍್ಯಾಂಡ್ ಅದನ್ನು ಮುಗಿಸಿಕೊಂಡು ಗಾಡಿಯಲ್ಲಿ ಮರಳುತ್ತಿದ್ದಾಗ ಚಾಪೇಕರ್ ಸೋದರರು ಇದೇ ರಸ್ತೆಯಲ್ಲಿ ಗುಂಡು ಹಾರಿಸಿದರು. ಪ್ಲೇಗಿನ ಹೆಸರಿನಲ್ಲಿ ಮನೆಮನೆಗೆ ನುಗ್ಗಿದ ಸೈನಿಕರ ಮೇಲೆ ಊರಿಗೆ ಅಷ್ಟು ಸಿಟ್ಟಿತ್ತು.

ರಸ್ತೆಯ ಕೊನೆಯಲ್ಲಿ ಇಂದಿನ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಬಾಗಿಲು. ಒಳಗೆ ಕಾಲಿಟ್ಟೊಡನೆ ಗದ್ದಲ ಹಿಂದೆ ಉಳಿಯಿತು. ದೊಡ್ಡ ಮರಗಳ ನೆರಳಿನಲ್ಲಿ ಸಾಗಿದ ಮೇಲೆ ಮೊದಲು ಗೋಪುರ ಕಂಡಿತು, ಆಮೇಲೆ ಅದರ ಎರಡೂ ಪಕ್ಕಕ್ಕೆ ಚಾಚಿಕೊಂಡ ಉದ್ದನೆಯ ಕಲ್ಲಿನ ಮನೆ. ಒಳಗೆ ಆಡಳಿತ ಕಚೇರಿಗಳಿರುವುದರಿಂದ ಹೊರಗಿನಿಂದಲೇ ಒಂದು ಸುತ್ತು ಹಾಕಿದೆ. ಕಮಾನುಗಳು, ಕಂಬಗಳ ಪಡಸಾಲೆ, ಮುಂದೆ ಹುಲ್ಲುಹಾಸು. ಯಾವ ಕಲ್ಲು ಮೊದಲಿನದು, ಯಾವುದು ದುರಸ್ತಿಯಲ್ಲಿ ಸೇರಿದ್ದು ಎಂದು ನನ್ನ ಕಣ್ಣಿಗೆ ಗೊತ್ತಾಗಲಿಲ್ಲ.

ಮುಂಬಯಿ ಗವರ್ನರರು ಮೊದಲು ಮಳೆಗಾಲ ಕಳೆಯುತ್ತಿದ್ದದ್ದು ಪುಣೆಗೆ ಹತ್ತಿರದ ದಾಪೋಡಿಯ ಬಂಗಲೆಯಲ್ಲಿ. 1864ರಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಇಲ್ಲಿ ಹೊಸ ಮನೆಯ ಕೆಲಸ ಶುರುಮಾಡಿಸಿದರು. ನಕ್ಷೆ ಜೇಮ್ಸ್ ಟ್ರಬ್‌ಶಾ ಅವರದು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಮುಂಬಯಿಯಲ್ಲಿ ಹಣ ಹರಿಯುತ್ತಿದ್ದ ಕಾಲ ಅದು. ಮರುವರ್ಷ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮನೆಯ ಖರ್ಚು ಮಾತ್ರ ಏರುತ್ತಲೇ ಹೋಗಿ ಇಂಗ್ಲೆಂಡಿನ ಸಂಸತ್ತಿನಲ್ಲೂ ಟೀಕೆಗೆ ಗುರಿಯಾಯಿತು. ಕಟ್ಟಡ ಮುಗಿದದ್ದು 1871ರಲ್ಲಿ. ಫ್ರೇರ್ 1867ರಲ್ಲೇ ಹುದ್ದೆ ಬಿಟ್ಟಿದ್ದರು. ತಾವು ಶುರುಮಾಡಿಸಿದ ಮನೆ ಪೂರ್ತಿಯಾದಾಗ ಅವರು ಗವರ್ನರರಾಗಿರಲಿಲ್ಲ.

ಗೋಪುರದ ಕೆಳಗೆ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಬೇರೆ. 1817ರ ನವೆಂಬರ್ 5ರಂದು ಪೇಶ್ವೆ ಎರಡನೆಯ ಬಾಜಿರಾಯನ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ಪಡೆಯೂ ಕಾದಾಡಿದ ಖಡಕಿಯ ಬಯಲು ಇಲ್ಲೇ ಪಕ್ಕದಲ್ಲಿದೆ. ಪೇಶ್ವೆಯ ಆಳ್ವಿಕೆ ಕುಸಿದ ಆ ಕಾಲದಲ್ಲೇ ಧಾರವಾಡ, ಬೆಳಗಾವಿಗಳು ಕಂಪನಿಯ ಕೈಗೆ ಹೋದವು. 1862ರಲ್ಲಿ ಕಾರವಾರದ ಸೀಮೆಯೂ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಂದರೆ ಉತ್ತರ ಕರ್ನಾಟಕದ ಈ ಭಾಗಗಳನ್ನು ಆಳುತ್ತಿದ್ದವರು ಮಳೆಗಾಲದಲ್ಲಿ ಕೂರುತ್ತಿದ್ದದ್ದು ಈ ಗೋಡೆಗಳ ಒಳಗೆ. ನಮ್ಮ ರೈತರ ಕಂದಾಯ, ನಮ್ಮ ಶಾಲೆಗಳ ಅನುದಾನ, ಎಲ್ಲದರ ಕೊನೆಯ ಮಾತು ಗವರ್ನರರ ಸರ್ಕಾರದ್ದೇ ಆಗಿತ್ತು.

ಕಟ್ಟಡದ ಕೆಳಗೆ ಒಂದು ಸುರಂಗವಿದೆ. ಅಡುಗೆಯವರು, ಆಳುಗಳು ಓಡಾಡಲೆಂದು ಅದನ್ನು ತೋಡಿದರು ಎನ್ನುವವರಿದ್ದಾರೆ. ಆಪತ್ತಿನಲ್ಲಿ ತಪ್ಪಿಸಿಕೊಳ್ಳಲು ಎನ್ನುವವರೂ ಇದ್ದಾರೆ. ಮೊದಲನೆಯದೇ ಹೆಚ್ಚು ಸಹಜವೆಂದು ನನಗೆ ತೋರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ ಆರಂಭವಾದ ಪುಣೆ ವಿಶ್ವವಿದ್ಯಾಲಯಕ್ಕೆ ಈ ಮನೆ ಸೇರಿತು. ಎಂ. ಆರ್. ಜಯಕರ್ ಮೊದಲ ಕುಲಪತಿ. ಅದೇ ವರ್ಷ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. 2014ರಲ್ಲಿ ಇಲ್ಲಿನ ಸಂಸ್ಥೆಗೆ ಸಾವಿತ್ರಿಬಾಯಿಯ ಹೆಸರು ಸೇರಿತು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ ಇದೇ ಊರಿನಲ್ಲಿ ಅವಮಾನ ಉಂಡು, 1897ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ ಅದೇ ಸೋಂಕಿಗೆ ಪ್ರಾಣ ಬಿಟ್ಟ ತಾಯಿ ಆಕೆ. ಈಗ ಕಟ್ಟಡದ ಮುಂದೆ ಆಕೆಯ ಪ್ರತಿಮೆಯಿದೆ.

ಈ ಮನೆಯನ್ನು ಪಡೆದವರಲ್ಲಿ ಅದಕ್ಕೆ ನಿಜವಾಗಿ ಅರ್ಹರಾದವರು ಈ ಕೊನೆಯವರು, ಓದುವ ಮಕ್ಕಳು. ಪುಣೆಗೆ ಹೋಗುವ ಕನ್ನಡಿಗರು ಶನಿವಾರವಾಡೆ ನೋಡಿಯೇ ಮರಳುತ್ತಾರೆ. ಅರ್ಧ ದಿನ ಬಿಡುವು ಮಾಡಿಕೊಂಡು ಇಲ್ಲಿಗೂ ಬನ್ನಿ; ನಮ್ಮ ನಾಡಿನ ಚರಿತ್ರೆಯ ಒಂದು ಭಾಗ ಇಲ್ಲಿದೆ.