ಪಶುವೈದ್ಯಕೀಯ ಸೀಟಿಗೆ ಅರ್ಜಿ ಹಾಕುವ ಮೊದಲು

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲಿ ದನ ಕಟ್ಟದ ರೈತರ ಮನೆ ಕಡಿಮೆ. ಅಂಥ ಮನೆಯ ಜೈನ ಮಗನೋ ಮಗಳೋ ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡು ‘ದನದ ಡಾಕ್ಟರ್ ಆಗುತ್ತೇನೆ’ ಎಂದರೆ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಸೀಟು ಸಿಗುವುದು ಹೇಗೆ ಎಂದು ಅಪ್ಪ ಕೇಳುತ್ತಾರೆ. ನಮ್ಮ ಮನೆಯ ಮಗು ಪ್ರಾಣಿ ಕೊಯ್ಯುವ ಓದು ಓದಬಹುದೇ ಎಂದು ಅಜ್ಜಿ ಕೇಳುತ್ತಾರೆ. ಎರಡಕ್ಕೂ ಉತ್ತರ ಅರ್ಜಿ ಹಾಕುವ ಮೊದಲೇ ಸಿಗಬೇಕು.

ಈ ಪದವಿಯ ಹೆಸರು ಬಿ.ವಿ.ಎಸ್‌ಸಿ. ಅಂಡ್ ಎ.ಎಚ್. ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. ರಾಜ್ಯದ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳೆಲ್ಲ ಬೀದರಿನಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಕಾಲೇಜು ಹಳೆಯದು. ಬೀದರ್, ಶಿವಮೊಗ್ಗ, ಹಾಸನದಲ್ಲೂ ಕಾಲೇಜುಗಳಿವೆ. ಹಾಸನದ್ದು ಈ ಭಾಗದವರಿಗೆ ಮನೆಯ ಪಕ್ಕದ್ದೇ. ಆದರೆ ಸೀಟು ಕೆಲವೇ, ಕೇಳುವವರು ಬಹಳ.

ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತದೆ. ಪಶುವೈದ್ಯಕೀಯಕ್ಕೆ ಬೇರೆಯೇ ರ್‍ಯಾಂಕ್ ಪಟ್ಟಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಸೇರಿಸಿ ರ್‍ಯಾಂಕ್ ಕೊಡುತ್ತಾರೆ. ಆದ್ದರಿಂದ ಕೋಚಿಂಗ್ ಹಿಂದೆ ಓಡಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವುದು ನಷ್ಟದ ವ್ಯಾಪಾರ. ಶೇ. 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವನ್ನು ಭಾರತೀಯ ಪಶುವೈದ್ಯಕೀಯ ಪರಿಷತ್ತು ನೀಟ್ ಅಂಕದ ಮೇಲೆ ಕೊಡುತ್ತದೆ, ಅದಕ್ಕೆ ಪ್ರತ್ಯೇಕ ನೋಂದಣಿ ಮಾಡಬೇಕು. ನೀಟ್ ಬರೆದ ಮಾತ್ರಕ್ಕೆ ಹೆಸರು ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ಅಂಕ ಇದ್ದೂ ಸೀಟು ತಪ್ಪುವುದು ಕಾಗದದಲ್ಲಿ. ಕರ್ನಾಟಕದಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಆದರೆ ಎಷ್ಟೋ ಮಕ್ಕಳ ಶಾಲಾ ದಾಖಲೆಯಲ್ಲಿ ಬರೀ ‘ಜೈನ’ ಎಂದಿರುತ್ತದೆ, ಕೆಲವರದರಲ್ಲಿ ‘ಹಿಂದೂ ಜೈನ್’ ಎಂದು. ಪರೀಕ್ಷೆ ಮುಗಿದ ಮೇಲೆ ಇದನ್ನು ತಿದ್ದಿಸಲು ಹೊರಟರೆ ಕೌನ್ಸೆಲಿಂಗ್ ಕಾಯುವುದಿಲ್ಲ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ತೆರೆಯುತ್ತದೆ, ಅದರಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೇಳುತ್ತಾರೆ. ದೀಪಾವಳಿ ಕಳೆಯುವುದರೊಳಗೆ ನಾಡಕಚೇರಿಗೆ ಹೋಗಿ ಪತ್ರ ಮಾಡಿಸಿಟ್ಟುಕೊಳ್ಳುವುದು ಕ್ಷೇಮ. ಹೆಸರು, ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಜೈನರೆಂದರೆ ಅಂಗಡಿಯವರು ಎಂದು ಪೇಟೆಯವರು ತಿಳಿದಿರುತ್ತಾರೆ. ಹಾಸನ, ಬೆಳಗಾವಿ ಕಡೆಯ ನಮ್ಮವರಲ್ಲಿ ಬೇಸಾಯಗಾರರು ಎಷ್ಟು ಮಂದಿ! ಜಮೀನಿದ್ದು ಬೇಸಾಯದಿಂದಲೇ ಬದುಕುವ ಮನೆಯವರು ಕೃಷಿಕರ ಕೋಟಾವನ್ನು ಮರೆಯಬಾರದು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ ಕೊಟ್ಟಿಗೆ ಕೆಲಸ ಗೊತ್ತಿರುವ ಮಗುವಿಗೆ ಅನುಕೂಲ.

2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಬಂದ ಮೇಲೆ, ಆ ಪತ್ರ ತೋರಿಸಿದರೆ ಸರ್ಕಾರಿ ಸೀಟು ಸಿಗುತ್ತದೆ ಎಂದು ನಂಬಿದವರಿದ್ದಾರೆ. ಹಾಗಿಲ್ಲ. ಅದು ಉಪಯೋಗಕ್ಕೆ ಬರುವುದು ಸೀಟು ಸಿಕ್ಕ ಮೇಲೆ, ವಿದ್ಯಾರ್ಥಿವೇತನಕ್ಕೆ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ.

ಇನ್ನು ಅಜ್ಜಿಯ ಪ್ರಶ್ನೆ. ಅದನ್ನು ನಕ್ಕು ತಳ್ಳಿಹಾಕಬಾರದು. ಮೊದಲ ವರ್ಷವೇ ಅಂಗರಚನಾಶಾಸ್ತ್ರದಲ್ಲಿ ಸತ್ತ ಪ್ರಾಣಿಯ ದೇಹವನ್ನು ಬಿಡಿಸಿ ನೋಡಬೇಕು. ಮುಂದೆ ಹಾಲಿನ ಜೊತೆಗೆ ಮಾಂಸದ ಪರೀಕ್ಷೆಯೂ ಪಾಠದಲ್ಲಿದೆ. ಸರ್ಕಾರಿ ಪಶುವೈದ್ಯರ ಪಾಲಿಗೆ ಕಸಾಯಿಖಾನೆಯ ತಪಾಸಣೆಯೂ ಬರಬಹುದು, ಬದುಕದ ಪ್ರಾಣಿಗೆ ಚುಚ್ಚುಮದ್ದಿನ ಸಾವು ಕೊಡುವ ಮಾತೂ ಬರಬಹುದು. ಇದನ್ನು ಮುಚ್ಚಿಟ್ಟು ಮಗುವನ್ನು ಕಳಿಸಿದರೆ ಎರಡನೇ ವರ್ಷದಲ್ಲಿ ಓದು ನಿಲ್ಲುತ್ತದೆ, ಇನ್ನೊಬ್ಬರಿಗೆ ಸಿಗಬೇಕಿದ್ದ ಸೀಟೂ ಹಾಳು.

ಇನ್ನೊಂದು ಕಡೆಯೂ ಇದೆ. ನಾಲ್ಕು ದಾನಗಳಲ್ಲಿ ಔಷಧದಾನ ಒಂದು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡದಲ್ಲಿ ‘ಗೋವೈದ್ಯ’ ಬರೆದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಜೈನನೇ. ದೆಹಲಿಯ ಕೆಂಪುಕೋಟೆ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಇಂದಿಗೂ ಪಕ್ಷಿಗಳ ಆಸ್ಪತ್ರೆ ನಡೆಯುತ್ತಿದೆ. ಶ್ರಾವಕನು ಪೂರ್ತಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಮಾಡುವ ಹಿಂಸೆ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡ ಹಸುವಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನ ಮನಸ್ಸಿನಲ್ಲಿ ಅದಿಲ್ಲ. ಕಸಾಯಿಖಾನೆಯ ಸಹಿಯ ವಿಷಯ ಅಷ್ಟು ಸುಲಭವಲ್ಲ. ಆ ಕೆಲಸ ಒಗ್ಗದು ಎನ್ನುವವರಿಗೆ ಸರ್ಕಾರಿ ನೌಕರಿಯೊಂದೇ ದಾರಿಯಲ್ಲ. ಹಾಲು ಒಕ್ಕೂಟ, ಗೋಶಾಲೆ, ಸ್ವಂತ ಚಿಕಿತ್ಸಾಲಯ, ಸಂಶೋಧನೆ, ಬೋಧನೆ ಇವೆ. ಬಸದಿಗೆ ಮುನಿಗಳು ಬಂದಾಗ ಮಗುವನ್ನೂ ಕರೆದುಕೊಂಡು ಹೋಗಿ ಕೇಳುವುದು ಒಳ್ಳೆಯದು. ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿಕೊಂಡರೆ ರಜೆಯಲ್ಲಿ ನಾಲ್ಕು ದಿನ ಜೊತೆಗೆ ನಿಂತು ನೋಡಲು ಬಿಡುತ್ತಾರೆ. ರಕ್ತ ನೋಡಿ ತಲೆ ತಿರುಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.