ಶೀಘ್ರಲಿಪಿ: ಕಲಿಯುವ ಬಗೆ ಮತ್ತು ಪ್ರಯೋಜನ

ವ್ಯಾಸ ಮಹರ್ಷಿಗಳು ಮಹಾಭಾರತವನ್ನು ಹೇಳಿದರು, ವಿನಾಯಕನು ಬರೆದುಕೊಂಡನು ಎಂಬ ಕಥೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ನಡುವೆ ನಿಲ್ಲಿಸದೆ ಹೇಳುತ್ತ ಹೋಗಬೇಕು ಎಂಬುದು ಬರೆಯುವವನ ಕರಾರು. ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯಕೂಡದು ಎಂಬುದು ಹೇಳುವವರ ಕರಾರು. ಶೀಘ್ರಲಿಪಿಯ ವಿದ್ಯೆಗೆ ಇವೆರಡಕ್ಕಿಂತ ಮಿಗಿಲಾದ ಸೂತ್ರವಿಲ್ಲ. ಕೈ ಮಾತಿನಷ್ಟೇ ವೇಗವಾಗಿ ಓಡಬೇಕು. ಓಡುವಾಗ ಬುದ್ಧಿ ಮಲಗಬಾರದು.

ಶಾರ್ಟ್‌ಹ್ಯಾಂಡ್ ಎಂಬ ಹೆಸರು ನಮ್ಮ ಹಿರಿಯರಿಗೆ ಹೊಸತಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪು ಮತ್ತು ಶಾರ್ಟ್‌ಹ್ಯಾಂಡು ಕಲಿತು ಮುಂಬಯಿಗೆ ಹೊರಟ ಹುಡುಗರು ಕರಾವಳಿಯ ಊರೂರುಗಳಲ್ಲಿದ್ದರು. ಅವರು ಕಳುಹಿಸಿದ ಮನಿಯಾರ್ಡರಿನಿಂದ ತಂಗಿಯರ ಮದುವೆ, ತಮ್ಮಂದಿರ ಓದು ನಡೆದ ಮನೆಗಳೂ ಉಂಟು. ಇಂದಿನ ಮಕ್ಕಳಿಗೆ ಮಾತ್ರ ಆ ವಿದ್ಯೆಯ ಗುರುತಿಲ್ಲ. “ಅದು ಈಗ ಯಾರಿಗೆ ಬೇಕು ಮಾಸ್ಟ್ರೇ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರಾಯಿತಲ್ಲ?” ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮೊದಲು ಆ ವಿದ್ಯೆಯ ಪರಿಚಯವನ್ನು ಮಾಡಿಕೊಳ್ಳುವುದು ಒಳ್ಳೆಯದು.

ಹಿಂದಿನ ಕಥೆ

ಮಾತನ್ನು ಬೆನ್ನಟ್ಟಿ ಹಿಡಿಯುವ ಆಸೆ ಬಹಳ ಹಳೆಯದು. ರೋಮಿನ ವಾಗ್ಮಿ ಸಿಸಿರೊನ ಬಳಿ ಟೈರೊ ಎಂಬ ಕಾರ್ಯದರ್ಶಿಯಿದ್ದನು. ಅವನ ಹೆಸರಿನ ಸಂಕ್ಷೇಪ ಲಿಪಿಯು ಶತಮಾನಗಳ ಕಾಲ ಯುರೋಪಿನಲ್ಲಿ ಬಳಕೆಯಲ್ಲಿತ್ತು. ಕ್ರಿಸ್ತಪೂರ್ವ 63ರಲ್ಲಿ ರೋಮಿನ ಸೆನೆಟ್ ಸಭೆಯಲ್ಲಿ ಕೇಟೊ ಮಾಡಿದ ಭಾಷಣವನ್ನು ಇಂತಹ ಬರಹಗಾರರು ಬರೆದುಕೊಂಡರೆಂದು ಇತಿಹಾಸಕಾರ ಪ್ಲುಟಾರ್ಕ್ ಹೇಳಿದ್ದಾನೆ.

ನಾವು ಇಂದು ಶಾರ್ಟ್‌ಹ್ಯಾಂಡ್ ಎಂದು ಕಲಿಯುವ ಪದ್ಧತಿಯ ಕರ್ತೃ ಐಸಾಕ್ ಪಿಟ್‌ಮನ್ (1813–1897). ಆತನೂ ಇಂಗ್ಲೆಂಡಿನ ಒಬ್ಬ ಶಾಲಾ ಮಾಸ್ತರನೇ. ಆತನ ಪುಸ್ತಕ 1837ರಲ್ಲಿ ಪ್ರಕಟವಾಯಿತು. 1888ರಲ್ಲಿ ಜಾನ್ ರಾಬರ್ಟ್ ಗ್ರೆಗ್ ಎಂಬವರು ದಪ್ಪ-ತೆಳು ಗೆರೆಗಳ ಭೇದವಿಲ್ಲದ ಇನ್ನೊಂದು ಪದ್ಧತಿಯನ್ನು ಹೊರತಂದರು. ಅದು ಅಮೆರಿಕದಲ್ಲಿ ಹೆಚ್ಚು ಪ್ರಚಾರಕ್ಕೆ ಬಂತು. ಭಾರತದಲ್ಲಿ ನೆಲೆಯೂರಿದ್ದು ಪಿಟ್‌ಮನ್ ಪದ್ಧತಿ. ಅದರ ಮಾದರಿಯನ್ನನುಸರಿಸಿ ಭಾರತೀಯ ಭಾಷೆಗಳಿಗೂ, ನಮ್ಮ ಕನ್ನಡಕ್ಕೂ, ಶೀಘ್ರಲಿಪಿ ಬಂದಿದೆ.

ಕಿವಿ ಕೇಳಿದ್ದನ್ನು ಕೈ ಬರೆಯಬೇಕು

ಶೀಘ್ರಲಿಪಿಯ ಮೊದಲ ನಿಯಮ ಇದು: ಕಾಗುಣಿತವನ್ನು ಮರೆಯಿರಿ, ಉಚ್ಚಾರವನ್ನು ಬರೆಯಿರಿ. ಇಂಗ್ಲಿಷಿನ ‘ನೈಟ್’ ಎಂಬ ಪದಕ್ಕೆ ಎಷ್ಟೋ ಅಕ್ಷರಗಳು. ಅವುಗಳಲ್ಲಿ ಬಾಯಿಗೆ ಬಾರದವೇ ಹಲವು. ಶೀಘ್ರಲಿಪಿಯಲ್ಲಿ ನ, ಐ, ಟ ಇಷ್ಟೇ. ಇಂಗ್ಲಿಷ್ ಮಾತೃಭಾಷೆಯ ಮಗು ಕಷ್ಟಪಟ್ಟು ಕಲಿಯಬೇಕಾದ ಈ ಪಾಠ ನಮ್ಮ ಮಕ್ಕಳಿಗೆ ಒಂದನೆಯ ತರಗತಿಯಲ್ಲೇ ಆಗಿರುತ್ತದೆ. ನುಡಿದಂತೆ ಬರೆಯುವುದು ಕನ್ನಡದ ಕ್ರಮವೇ ಆಗಿದೆಯಲ್ಲವೆ?

ವ್ಯಂಜನಗಳಿಗೆ ಬಂದರೆ ನಮ್ಮ ನೆಂಟಸ್ತನ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಕ ಮತ್ತು ಗ ಒಂದೇ ವರ್ಗಕ್ಕೆ ಸೇರಿದವು. ಹಾಗೆಯೇ ಚ-ಜ, ಟ-ಡ, ಪ-ಬ. ಬಾಯಿಯಲ್ಲಿ ಅವು ಹುಟ್ಟುವ ಸ್ಥಾನ ಒಂದೇ. ಕಂಠದ ನಾದ ಸೇರಿದಾಗ ಕ ಎಂಬುದು ಗ ಆಗುತ್ತದೆ. ಪಿಟ್‌ಮನ್ ಮಾಡಿದ್ದೂ ಇದನ್ನೇ. ಕ ಎಂದರೆ ತೆಳುವಾದ ಅಡ್ಡಗೆರೆ. ಅದನ್ನೇ ಒತ್ತಿ ದಪ್ಪಗೆ ಎಳೆದರೆ ಗ. ನೆಟ್ಟಗೆ ಕೆಳಗಿಳಿಯುವ ತೆಳುಗೆರೆ ಟ, ದಪ್ಪವಾದರೆ ಡ. ಎಡದ ಮೇಲಿನಿಂದ ಬಲದ ಕೆಳಕ್ಕೆ ಓರೆಯಾಗಿ ಇಳಿದರೆ ಪ, ದಪ್ಪವಾದರೆ ಬ. ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿದರೆ ಚ, ದಪ್ಪವಾದರೆ ಜ. ಮ ಎಂಬುದು ಕಾಮನಬಿಲ್ಲಿನಂತೆ ಬಾಗಿದ ಗೆರೆ. ನ ಎಂಬುದು ತೊಟ್ಟಿಲಿನಂತೆ ತಗ್ಗಿದ ಗೆರೆ. ನಾಲ್ಕು ನೇರ ಗೆರೆಗಳನ್ನು ಕಲಿತವರಿಗೆ ಎಂಟು ವ್ಯಂಜನಗಳು ಕೈವಶವಾದವು.

ಸಣ್ಣ ಉಪಾಯಗಳಿಂದ ಗೆರೆಗಳು ಮತ್ತಷ್ಟು ಕೆಲಸ ಮಾಡುತ್ತವೆ. ಗೆರೆಯ ತುದಿಗೆ ಒಂದು ಪುಟ್ಟ ಸುತ್ತು ಹಾಕಿದರೆ ಸ ಸೇರಿತು. ಗೆರೆಯನ್ನು ಅರ್ಧಕ್ಕೆ ಮೊಟಕು ಮಾಡಿದರೆ ಕೊನೆಯಲ್ಲಿ ಟ ಅಥವಾ ಡ ಇದೆಯೆಂದು ಅರ್ಥ. ಎರಡರಷ್ಟು ಉದ್ದ ಮಾಡಿದರೆ ‘ಟರ್’, ‘ಡರ್’, ‘ದರ್’ ಎಂಬಂತಹ ಅಂತ್ಯ. ತುದಿಯಲ್ಲಿ ಕೊಕ್ಕೆ ಹಾಕಿದರೆ ನ. ದೊಡ್ಡ ಕೊಕ್ಕೆಯಾದರೆ ‘ಶನ್’. ಪದೇಪದೇ ಬರುವ ಪದಗಳಿಗೆ ಒಂದೊಂದೇ ಚಿಹ್ನೆ ನಿಶ್ಚಿತವಾಗಿದೆ. ಒಟ್ಟಾಗಿ ಬರುವ ಮಾತುಗಳನ್ನು ಪೆನ್ಸಿಲು ಎತ್ತದೆ ಒಂದೇ ಗೆರೆಯಾಗಿ ಜೋಡಿಸುವ ಪದ್ಧತಿಯೂ ಉಂಟು.

ಸ್ವರಗಳ ಗುಟ್ಟು

ಸ್ವರಗಳನ್ನು ಚುಕ್ಕೆಗಳಿಂದ ಮತ್ತು ಕಿರುಗೆರೆಗಳಿಂದ ತೋರಿಸುತ್ತಾರೆ. ಚುಕ್ಕೆ ವ್ಯಂಜನದ ಗೆರೆಯ ಆರಂಭದಲ್ಲಿದೆಯೋ, ನಡುವಿನಲ್ಲಿದೆಯೋ, ಕೊನೆಯಲ್ಲಿದೆಯೋ ಎಂಬುದರ ಮೇಲೆ ಸ್ವರ ಬದಲಾಗುತ್ತದೆ. ಆದರೆ ವೇಗವಾಗಿ ಬರೆಯುವಾಗ ಚುಕ್ಕೆ ಇಡಲು ಪುರಸೊತ್ತೆಲ್ಲಿ? ಅಲ್ಲಿ ಪಿಟ್‌ಮನ್ನನ ಜಾಣ್ಮೆಯನ್ನು ನೋಡಬೇಕು. ‘ಪ್ಯಾಟ್’ ಎಂಬ ಪದವನ್ನು ಪುಸ್ತಕದ ಗೆರೆಯ ಮೇಲ್ಗಡೆ ಬರೆಯುತ್ತಾರೆ, ‘ಪೆಟ್’ ಎಂಬುದನ್ನು ಗೆರೆಗೆ ತಾಗಿಸಿ, ‘ಪಿಟ್’ ಎಂಬುದನ್ನು ಗೆರೆಯನ್ನು ಸೀಳಿ. ಕುಳಿತ ಜಾಗವೇ ಸ್ವರವನ್ನು ಹೇಳುತ್ತದೆ, ಚುಕ್ಕೆಯ ಅಗತ್ಯವಿಲ್ಲ.

ಕನ್ನಡದಲ್ಲಿ ಸ್ವರದ ವಿಷಯಕ್ಕೆ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ಮರ, ಮಾರಿ, ಮೂರು, ಮೇರೆ, ಮೋರಿ – ಇವುಗಳಿಂದ ಸ್ವರವನ್ನು ತೆಗೆದರೆ ಉಳಿಯುವುದು ಮ ಮತ್ತು ರ ಮಾತ್ರ. ‘ಕಡಿದರು’ ಎಂದು ಮುಂದೆ ಬಂದರೆ ಮರವೆಂದೂ, ‘ಗಂಟೆಗೆ’ ಎಂದು ಬಂದರೆ ಮೂರು ಎಂದೂ ತಿಳಿಯುವುದು ಬರೆಯುವವನ ಭಾಷಾಜ್ಞಾನದಿಂದ. ವ್ಯಾಸರ ಕರಾರು ಇಲ್ಲಿಯೇ ನೆನಪಾಗಬೇಕು. ಭಾಷೆ ಗಟ್ಟಿಯಿಲ್ಲದವನಿಗೆ ಶೀಘ್ರಲಿಪಿ ಬರೆಯಲು ಬಂದರೂ ಓದಲು ಬಾರದು.

ಕನ್ನಡದ ಇನ್ನೊಂದು ವಿಶೇಷವೆಂದರೆ ಪದದ ಉದ್ದ. ‘ಮನೆಯಲ್ಲಿದ್ದವರಿಗೆ’ ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಆರೇಳು ಪದ ಬೇಕು. ಆದ್ದರಿಂದ ಎರಡು ಭಾಷೆಗಳಲ್ಲಿ ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ‘ಅಲ್ಲಿ’, ‘ಇಂದ’, ‘ಗಾಗಿ’ ಮುಂತಾದ ಪ್ರತ್ಯಯಗಳನ್ನು ಕಿರುಚಿಹ್ನೆಗಳಿಂದ ಬರೆಯಲು ಕೈ ಪಳಗಿದರೆ ಕನ್ನಡದಲ್ಲಿ ಅರ್ಧ ಭಾರ ಇಳಿದಂತೆ.

ಮನೆಯಲ್ಲಿ ಅಭ್ಯಾಸ

ಇದಕ್ಕೆ ಬೇಕಾದ ಬಂಡವಾಳ ಗೆರೆ ಹಾಕಿದ ಒಂದು ಪುಸ್ತಕ, ಮೆತ್ತಗಿನ ಸೀಸದ ಪೆನ್ಸಿಲು ಮತ್ತು ದಿನಕ್ಕೆ ಒಂದು ಗಂಟೆಯ ಹೊತ್ತು. ವಾರಕ್ಕೊಮ್ಮೆ ಆರು ಗಂಟೆ ಕುಳಿತರೆ ಫಲವಿಲ್ಲ. ದಿನವೂ ಒಂದು ಗಂಟೆ ಕುಳಿತರೆ ಫಲವುಂಟು. ಮೊದಲ ತಿಂಗಳುಗಳಲ್ಲಿ ವೇಗದ ಹಂಬಲ ಬೇಡ. ಗೆರೆ ಅಳತೆಗೆ ಸರಿಯಾಗಿ ಬೀಳಲಿ. ಅರ್ಧದ ಗೆರೆ ಮುಕ್ಕಾಲಾದರೆ, ತೆಳುವಾದದ್ದು ದಪ್ಪವಾದರೆ, ಓದುವಾಗ ಅರ್ಥವೇ ತಪ್ಪುತ್ತದೆ. ಬರೆದದ್ದನ್ನು ಅಂದೇ ಓದಬೇಕು. ವಾರ ಕಳೆದು ಇನ್ನೊಮ್ಮೆ ಓದಬೇಕು.

ಚಿಹ್ನೆಗಳು ಕೈಗೆ ಬಂದ ಮೇಲೆ ಓದಿ ಹೇಳುವವರೊಬ್ಬರು ಬೇಕು. ತಾಯಿ, ಅಕ್ಕ, ಅಜ್ಜ ಯಾರಾದರೂ ಸಾಕು. ಪತ್ರಿಕೆಯ ಒಂದು ಲೇಖನದಲ್ಲಿ ಇಪ್ಪತ್ತು ಇಪ್ಪತ್ತು ಪದಗಳಿಗೆ ಒಂದೊಂದು ಗುರುತು ಹಾಕಿ. ಗಡಿಯಾರ ನೋಡಿಕೊಂಡು 15 ಸೆಕೆಂಡಿಗೆ ಒಂದು ಗುರುತಿನಂತೆ ಓದಿದರೆ ನಿಮಿಷಕ್ಕೆ 80 ಪದಗಳ ವೇಗವಾಯಿತು. ಆರಂಭದಲ್ಲಿ ಅದೇ ಇಪ್ಪತ್ತು ಪದಗಳನ್ನು 30 ಸೆಕೆಂಡಿಗೆ ಓದಿ. ಕೈ ಕುದುರಿದಂತೆ ಸಮಯ ಇಳಿಸುತ್ತ ಬನ್ನಿ. ಒಂದು ಪದ ತಪ್ಪಿತೆಂದು ನಿಲ್ಲಬಾರದು. ಜಾಗ ಬಿಟ್ಟು ಮುಂದೆ ಓಡಬೇಕು. ಡಿಕನ್ಸ್‌ನಂತಹ ಕಾದಂಬರಿಕಾರನಿಗೂ ಈ ವಿದ್ಯೆ ಬೆವರು ಇಳಿಸಿತ್ತು. ಪಾರ್ಲಿಮೆಂಟಿನ ವರದಿಗಾರನಾಗಿ ಹೆಸರು ಪಡೆದ ಆತ, ಕಲಿಯುವಾಗಿನ ಪಾಡನ್ನು ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಹಾಸ್ಯವಾಗಿ ಚಿತ್ರಿಸಿದ್ದಾನೆ.

ಉದ್ಯೋಗದ ಮಾತು

ಯಂತ್ರಗಳು ಬಂದ ಮೇಲೆ ಹಿಂದಿನಷ್ಟು ಸ್ಟೆನೊ ಹುದ್ದೆಗಳಿಲ್ಲ ಎಂಬುದು ನಿಜ. ಕಲಿತವರಿಗೆಲ್ಲ ಕೆಲಸ ಸಿಕ್ಕೀತೆಂದು ಆಸೆ ಹುಟ್ಟಿಸುವುದು ತಪ್ಪು. ಆದರೂ ಬಾಗಿಲು ಮುಚ್ಚಿಲ್ಲ. ಕೇಂದ್ರ ಸರಕಾರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಸ್ಟೆನೊಗ್ರಾಫರ್ ಪರೀಕ್ಷೆಯನ್ನು ನಡೆಸುತ್ತದೆ. ಹನ್ನೆರಡನೆಯ ತರಗತಿ ಪಾಸಾದವರು ಅರ್ಜಿ ಹಾಕಬಹುದು. ಮೊದಲು ಸಾಮಾನ್ಯ ಪರೀಕ್ಷೆ, ಅನಂತರ ಹತ್ತು ನಿಮಿಷಗಳ ಉಕ್ತಲೇಖನ: ‘ಡಿ’ ದರ್ಜೆಗೆ ನಿಮಿಷಕ್ಕೆ 80 ಪದ, ‘ಸಿ’ ದರ್ಜೆಗೆ 100 ಪದ. ಇದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ನಡೆಯುತ್ತದೆ. ಕರ್ನಾಟಕದ ಜಿಲ್ಲಾ ನ್ಯಾಯಾಲಯಗಳ ಪ್ರಕಟಣೆಗಳಲ್ಲಿ ಕನ್ನಡ, ಇಂಗ್ಲಿಷ್ ಎರಡರ ಶೀಘ್ರಲಿಪಿಯನ್ನೂ ಬಲ್ಲವರನ್ನು ಕೇಳುವುದುಂಟು. ಎರಡನ್ನೂ ಕಲಿತವರಿಗೆ ಎರಡು ದಾರಿ. ಐಟಿಐಗಳಲ್ಲಿ ಇಂಗ್ಲಿಷ್ ಸ್ಟೆನೊಗ್ರಫಿಯ ಒಂದು ವರ್ಷದ ತರಬೇತಿಯೂ ಇದೆ.

ಇನ್ನು ಮೊಬೈಲಿನ ಪ್ರಶ್ನೆ. ಒಂದು ಗಂಟೆಯ ಸಭೆಯನ್ನು ರೆಕಾರ್ಡ್ ಮಾಡಿದರೆ, ಮುಖ್ಯ ಮಾತನ್ನು ಹುಡುಕಲು ಮತ್ತೆ ಒಂದು ಗಂಟೆ ಕೇಳಬೇಕು. ಶೀಘ್ರಲಿಪಿಯ ಪುಸ್ತಕದಲ್ಲಿ ಪುಟ ತಿರುಗಿಸಿದರಾಯಿತು. ನಾಲ್ವರು ಒಟ್ಟಿಗೆ ಮಾತಾಡುವಾಗ ಯಂತ್ರ ಎಲ್ಲವನ್ನೂ ಕಲಸುತ್ತದೆ. ಮನುಷ್ಯನ ಕಿವಿ ಯಾರ ಮಾತು ಯಾವುದೆಂದು ಬೇರ್ಪಡಿಸುತ್ತದೆ. ಪತ್ರಕರ್ತನಿಗೆ, ಕಾಲೇಜಿನ ವಿದ್ಯಾರ್ಥಿಗೆ, ಸಂಘದ ಕಾರ್ಯದರ್ಶಿಗೆ ಅರ್ಧ ಕಲಿತ ಶೀಘ್ರಲಿಪಿಯೂ ಉಪಕಾರಿಯೇ.

ನಮ್ಮ ಮಾತು ಉಳಿಯುವುದಕ್ಕೆ

ಉದ್ಯೋಗಕ್ಕಿಂತ ದೊಡ್ಡದಾದ ಪ್ರಯೋಜನ ಇನ್ನೊಂದಿದೆ. ಸ್ವಾಮಿ ವಿವೇಕಾನಂದರು ಬರೆದಿಟ್ಟುಕೊಂಡು ಮಾತನಾಡಿದವರಲ್ಲ. 1895ರ ಕೊನೆಗೆ ನ್ಯೂಯಾರ್ಕಿನಲ್ಲಿ ಜೆ.ಜೆ. ಗುಡ್ವಿನ್ ಎಂಬ ಇಂಗ್ಲಿಷ್ ತರುಣ ಶೀಘ್ರಲಿಪಿಗಾರನಾಗಿ ಅವರ ಬಳಿಗೆ ಬಂದನು, ಶಿಷ್ಯನಾಗಿ ಉಳಿದನು. ‘ಕರ್ಮಯೋಗ’, ‘ಜ್ಞಾನಯೋಗ’ದ ಉಪನ್ಯಾಸಗಳು ಇಂದು ನಮ್ಮ ಕೈಯಲ್ಲಿರುವುದು ಅವನ ಪೆನ್ಸಿಲಿನ ಪುಣ್ಯದಿಂದ. 1898ರಲ್ಲಿ, ಮೂವತ್ತು ತುಂಬುವ ಮೊದಲೇ, ಅವನು ಊಟಿಯಲ್ಲಿ ತೀರಿಕೊಂಡನು.

ನಮ್ಮ ತಾಳಮದ್ದಳೆಯನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ. ಅಲ್ಲಿಯೂ ಅರ್ಥ ಹೇಳುವವರು ಆ ಕ್ಷಣದಲ್ಲಿ ಕಟ್ಟಿ ನುಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರು ಇಂದಿಗೂ ಅದನ್ನು ಕೊಂಡಾಡುತ್ತಾರೆ. ಆದರೆ ಕ್ಯಾಸೆಟ್ಟುಗಳು ಬರುವುದಕ್ಕೆ ಮೊದಲಿನ ಅದೆಷ್ಟೋ ರಾತ್ರಿಗಳ ಮಾತು ಕೇಳಿದವರ ನೆನಪಿನೊಂದಿಗೆ ಕರಗುತ್ತಿದೆ. ಅಲ್ಲಿ ಹತ್ತಿರ ಒಬ್ಬ ಗುಡ್ವಿನ್ ಕುಳಿತಿರಲಿಲ್ಲ.

ಕಲೆಯ ಮಾತು ಹಾಗಿರಲಿ, ನ್ಯಾಯದ ಮಾತನ್ನು ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ವಿಧಿಯಲ್ಲಿ ಒಂದು ನಿಯಮವಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸಾಕ್ಷಿಯು ನ್ಯಾಯಾಲಯದ ಭಾಷೆಯಲ್ಲದ ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಾದರೆ ಆ ಭಾಷೆಯಲ್ಲಿಯೇ ಬರೆದುಕೊಳ್ಳಬಹುದು; ಸಾಧ್ಯವಾಗದಿದ್ದರೆ ನ್ಯಾಯಾಲಯದ ಭಾಷೆಗೆ ಸರಿಯಾದ ಅನುವಾದ ಮಾಡಬೇಕು. ನಮ್ಮಂತಹ ಗಡಿನಾಡಿನವರು ‘ಸಾಧ್ಯವಾದರೆ’ ಎಂಬ ಆ ಒಂದು ಪದವನ್ನು ಎರಡು ಸಲ ಓದಬೇಕು. ಕನ್ನಡದ ಮಾತನ್ನು ಮಾತಿನ ವೇಗದಲ್ಲಿ ಬರೆದುಕೊಳ್ಳುವ ಕೈ ಇದ್ದರೆ ಅದು ಸಾಧ್ಯ, ಇಲ್ಲದಿದ್ದರೆ ಅಸಾಧ್ಯ. ನಮ್ಮ ಅಜ್ಜಿ ತನ್ನ ಜಾಗದ ಗಡಿಯ ಬಗ್ಗೆ ಆಡಿದ ಮಾತು ಅನುವಾದವಾಗಿ ಕಡತ ಸೇರುವುದಕ್ಕೂ, ಆಕೆ ಆಡಿದಂತೆಯೇ ಸೇರುವುದಕ್ಕೂ ವ್ಯತ್ಯಾಸವಿಲ್ಲವೆ?

ಭಾಷೆಯ ಹಕ್ಕನ್ನು ನಾವು ಮನವಿಗಳಲ್ಲಿ, ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ, ಕೇಳಲೇಬೇಕು. ಅದರ ಜೊತೆಗೆ ಹಕ್ಕು ಸಿಕ್ಕಿದ ದಿನ ಕುರ್ಚಿಯಲ್ಲಿ ಕುಳಿತು ಬರೆಯಬಲ್ಲವರನ್ನೂ ತಯಾರು ಮಾಡಬೇಕು. ಮುಂದಿನ ರಜೆಯಲ್ಲಿ ಮಕ್ಕಳ ಕೈಗೆ ಒಂದು ಮೆತ್ತಗಿನ ಪೆನ್ಸಿಲು ಕೊಡಿ. ಓದಿ ಹೇಳುವ ಕೆಲಸವನ್ನು ಹಿರಿಯರು ವಹಿಸಿಕೊಳ್ಳಿ.